ಅಲಾಯಿ ಕುಣಿಯ ಜಾಗ

"ಎಲ್ಲಾರಿಗೂ ನಮಸ್ಕಾರ. ನಾನು ನಿಮ್ಮ ವಾರ್ಡಿನ ಮೆಂಬರ್ ಸುಭಾಷ ಮಾತಾಡಾಕತ್ತೀನಿ" ಎಂಬಲ್ಲಿಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಪ್ರತಿ ರವಿವಾರ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ಕುಂಕುಮ ಇಟ್ಟುಕೊಂಡು, ಮಾಳಿಗೆಯ ಮೇಲೆ ನೀರಿನ ಟಾಕಿಯ ನೆರಳಿಗೆ ನಿಂತು ಮೊಬೈಲಿಗೆ ಹೇಳುವ ಈ ಮಾತು ಅವನಿಗೆ ಬಾಯಿಪಾಠವಾಗಿತ್ತು. ಹಿಂದಿನ ವಾರ ಓಣಿಗಳಲ್ಲಿ ಏನೇನು ಕೆಲಸ ಆಯಿತು, ಮುಂದಿನ ವಾರ ಏನೇನು ಇದೆ ಎಂದು ಹೇಳಿ ವಾರ್ಡಿನ ಗ್ರೂಪಿಗೆ ಹಾಕಿದರೆ ಮುಗಿಯಿತು. ಜನ ಕೈಮುಗಿದ ಚಿತ್ರ ಹಾಕುತ್ತಾರೆ. ಒಬ್ಬಿಬ್ಬರು ನಮ್ಮ ಗಟಾರ ಯಾವಾಗ ಎಂದು ಕೇಳುತ್ತಾರೆ. ಅವರಿಗೂ ಒಂದು ಕೈಮುಗಿದ ಚಿತ್ರ ಹಾಕಿದರೆ ಅವರೂ ಸುಮ್ಮನಾಗುತ್ತಾರೆ. ಇವತ್ತು ಮೊದಲ ಸಲ ಎದುರುಮನೆಯ ನಾಯಿ ಬೊಗಳಿತೆಂದು ಅಳಿಸಿದ. ಆಮೇಲೆ ಕೆಮ್ಮು ಬಂತೆಂದು ಅಳಿಸಿದ. ಮತ್ತೆ ಶುರುಮಾಡಿದಾಗ ನಾಯಿಯೂ ಬೊಗಳಲಿಲ್ಲ, ಕೆಮ್ಮೂ ಬರಲಿಲ್ಲ. ಕುಂಬಾರ ಓಣಿಯ ಬೀದಿದೀಪ ಹತ್ತಿದ್ದು, ಶುಕ್ರವಾರ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳಿಗೆ ಮಣ್ಣೆತ್ತು ಮಾಡುವ ಸ್ಪರ್ಧೆ ಇಟ್ಟಿದ್ದು, ಮುಂದಿನ ವಾರದ ಕಣ್ಣು ತಪಾಸಣೆ, ಎಲ್ಲ ಸಲೀಸಾಗಿ ಬಂದವು. "ಇವತ್ತ ಸಂಜಿಗೆ ಚಂದ್ರ ಕಂಡ್ರ, ನಮ್ಮ ಓಣ್ಯಾಗ ಮೊಹರಂ ಹಬ್ಬದ ಗುದ್ದಲಿ" ಎಂಬಲ್ಲಿಗೆ ಬಂದಾಗ ಮಾತು ತಾನೇ ನಿಂತುಕೊಂಡಿತು. ಮೊಬೈಲಿನ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು, ಅದನ್ನೂ ಅಳಿಸಿದ.

ಟಾಕಿಯ ಪಕ್ಕದಿಂದ ಬಗ್ಗಿದರೆ ಕೆಳಗೆ ರಸ್ತೆ ಕಾಣುತ್ತದೆ. ಹೊಸ ಕಾಂಕ್ರೀಟ್ ರಸ್ತೆ, ಅಗಸಿಯಿಂದ ಶಿಗ್ಲಿ ರಸ್ತೆಯ ತಿರುವಿನವರೆಗೆ, ಈ ಕಡೆಯ ಗೋಡೆಯಿಂದ ಆ ಕಡೆಯ ಗೋಡೆಗೆ, ಒಂದು ಗೇಣು ಮಣ್ಣು ಕಾಣದ ಹಾಗೆ. ಈ ರಸ್ತೆಯ ಮೇಲೆ ಅವನಿಗೆ ಪ್ರೀತಿಯಿತ್ತು. ವಾರ್ಡಿನಲ್ಲಿ ಅವನು ಮಾಡಿಸಿದ ಬೇರೆ ರಸ್ತೆಗಳ ಕಥೆ ಅವನಿಗೂ ಗೊತ್ತು, ಜನಕ್ಕೂ ಗೊತ್ತು. ಒಂದು ಮಳೆಗಾಲ ತಡೆದರೆ ಹೆಚ್ಚು, ಮರುವರ್ಷ ಜಲ್ಲಿಕಲ್ಲು ಹಲ್ಲು ಕಿರಿಯುತ್ತವೆ. ಇದು ಮಾತ್ರ ತಾನು ಹುಟ್ಟಿದ ಓಣಿ, ಅವ್ವ ದಿನಾ ಎಡವುವ ಓಣಿ ಎಂದು ಗುತ್ತಿಗೆದಾರನ ಬೆನ್ನುಹತ್ತಿ ಕಬ್ಬಿಣದ ಜಾಳಿಗೆ ಹಾಸಿಸಿದ್ದ, ಸಿಮೆಂಟಿನಲ್ಲಿ ಕೈಚಳಕ ತೋರಿಸಿದರೆ ನೋಡು ಎಂದು ಗದರಿಸಿದ್ದ, ಮೇಲೆ ಗೋಣಿತಟ್ಟು ಹಾಸಿ ತಾನೇ ಪೈಪು ಹಿಡಿದು ನೀರುಣಿಸಿದ್ದ. ಮೊಮ್ಮಕ್ಕಳ ಕಾಲಕ್ಕೂ ಈ ರಸ್ತೆಗೆ ಏನೂ ಆಗುವುದಿಲ್ಲ ಎಂದು ಹಿಂದಿನ ರವಿವಾರ ಗ್ರೂಪಿನಲ್ಲಿ ಹೇಳಿದ್ದು ಸುಳ್ಳಲ್ಲ. ಅವನ ರವಿವಾರದ ಮಾತುಗಳಲ್ಲಿ ಹೀಗೆ ಪೂರ್ತಿ ಖರೆಯಾದದ್ದು ಅಪರೂಪ. ಆದರೆ ಮಕ್ಕಳಿಗೆ ಮಣ್ಣೆತ್ತು ಮಾಡಲು ಮಣ್ಣು ಬೇಕಾದಾಗ ಇಡೀ ಓಣಿಯಲ್ಲಿ ಒಂದು ಮುಷ್ಟಿ ಸಿಗದೆ, ಹೊರಗಿನ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಎರೆಮಣ್ಣು ತರಿಸಬೇಕಾಯಿತು. ಆಗಲೇ ಅವನಿಗೆ ಕುಣಿಯ ಜಾಗ ನೆನಪಾಗಿತ್ತು. ಎತ್ತು ಮಾಡುವ ಮಕ್ಕಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತ ಅದನ್ನು ತಳ್ಳಿಹಾಕಿದ್ದ.

ಅವರ ಮನೆಯಿಂದ ನಾಲ್ಕು ಮನೆ ಆಚೆ, ಎದುರು ಸಾಲಿನಲ್ಲಿ ಒಂದು ಸಣ್ಣ ಮಸೂತಿ. ನಮಾಜಿನ ಮಸೂತಿಯಲ್ಲ, ಮೊಹರಮ್ಮಿನಲ್ಲಿ ಹಸ್ತದ ಆಕಾರದ ಪಂಜಾ ದೇವರನ್ನು ಕೂಡಿಸುವ ಮಸೂತಿ. ವರ್ಷದ ಉಳಿದ ದಿನ ಅದಕ್ಕೆ ಕೀಲಿ. ಅದರ ಮುಂದೆ, ಸರಿಯಾಗಿ ರಸ್ತೆಯ ನಡುವೆ, ಸುತ್ತ ಕಲ್ಲು ಹೂತಿದ್ದ ಒಂದು ದುಂಡಗಿನ ಜಾಗ ಇತ್ತು. ವರ್ಷವೆಲ್ಲ ಅದರ ಮೇಲೆ ಬಂಡಿ ಹಾಯುತ್ತಿದ್ದವು, ಟಂಟಂ ಹಾಯುತ್ತಿದ್ದವು, ಯಾರೂ ಏನೂ ಅನ್ನುತ್ತಿರಲಿಲ್ಲ. ಮೊಹರಮ್ಮಿನ ಚಂದ್ರ ಕಂಡ ಸಂಜೆ ಮಾತ್ರ ಅಲ್ಲಿ ಗುದ್ದಲಿ ಬೀಳಬೇಕು. ಕುಣಿ ತೋಡಬೇಕು, ಅದರಲ್ಲಿ ಬೆಂಕಿ ಹಾಕಬೇಕು, ಅದರ ಸುತ್ತ ಓಣಿಯವರೆಲ್ಲ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕಿ ಅಲಾಯಿ ಆಡಬೇಕು. ಹಬ್ಬದ ಕೊನೆಯ ದಿನ ದೇವರು ಹೊಳೆಗೆ ಹೋದ ಮೇಲೆ ಕುಣಿ ಮುಚ್ಚಬೇಕು. ಮಸೂತಿ ಕರೀಮಸಾಬನ ಮನೆತನದ್ದು. ಮೊದಲ ಗುದ್ದಲಿ ತಿರಕಪ್ಪನ ಮನೆತನದ್ದು, ಅಂದರೆ ಸುಭಾಷನ ಅಪ್ಪನದು, ಅಪ್ಪ ಹೋದ ಮೇಲೆ ಸುಭಾಷನದು. ಯಾಕೆ ಹೀಗೆ ಎಂದು ಕೇಳಿದರೆ ಮುತ್ತ್ಯಾನ ಕಾಲದಿಂದ ಹೀಗೇ ಎನ್ನುವುದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿದ್ದೂ ಇಲ್ಲ. ಈಗ ಮಾಳಿಗೆಯಿಂದ ಎಷ್ಟು ಬಗ್ಗಿ ನೋಡಿದರೂ ಆ ದುಂಡು ಕಾಣುವುದಿಲ್ಲ. ರಸ್ತೆ ಒಂದೇ ಬಣ್ಣ, ಒಂದೇ ಮಟ್ಟ.

ಅವತ್ತು ಕಾಂಕ್ರೀಟಿನ ಯಂತ್ರ ಮಸೂತಿಯ ಹತ್ತಿರ ಬಂದಾಗ ಅವನು ಅಲ್ಲೇ ಇದ್ದ, ಕಿವಿಗೆ ಮೊಬೈಲ್ ಒತ್ತಿಕೊಂಡಿದ್ದ. ಮಾತಾಡುತ್ತಿದ್ದವರು ಪಕ್ಷದ ಹಿರಿಯರು, ಊರೆಲ್ಲ ಸಾವುಕಾರ್ರು ಎನ್ನುವವರು. ಪುರಸಭೆಯ ಅಧ್ಯಕ್ಷಗಿರಿ ಈ ಸಲ ಅವನ ಹೆಸರಿಗೇ ಬಂದ ಹಾಗೆ ಎಂದು ಹೇಳಿ, ಅವನ ಎದೆ ಉಬ್ಬುವಷ್ಟು ಹೊತ್ತು ಬಿಟ್ಟು, ಒಂದು ಮಾತು ಸೇರಿಸಿದರು. ನಮ್ಮ ಹುಡುಗರಿಗೆ ಅವನ ಮೇಲೆ ಒಂದು ಗುಮಾನಿ ಇದೆಯಂತೆ, ಅವನ ಮನೆಯವರು ಅಲಾಯಿಗೆ ಗುದ್ದಲಿ ಹಾಕುತ್ತಾರಂತಲ್ಲ ಎಂದು. ಅವನು ನಕ್ಕ. "ಅದೆಲ್ಲಾ ಹಳೇ ಮಂದಿದು ಬಿಡ್ರಿ ಸಾವ್ಕಾರ್ರ" ಎಂದ. ಅದೇ ಹೊತ್ತಿಗೆ ಯಂತ್ರದ ಗದ್ದಲದಲ್ಲಿ ಬಿಂಕದಕಟ್ಟಿ ಕಡೆಯ ಒಬ್ಬ ಕೆಲಸಗಾರ ಕಾಲಿನಿಂದ ಆ ಕಲ್ಲುಗಳನ್ನು ತೋರಿಸಿ, ಇಷ್ಟು ಜಾಗ ಬಿಡುವುದೇನ್ರಿ ಎಂದು ಕೂಗಿ ಕೇಳಿದ. ಸುಭಾಷ ಕೈಯೆತ್ತಿದ. ಎತ್ತಿದ್ದು ಖರೆ. ತಡಿ, ಫೋನಿನಲ್ಲಿದ್ದೇನೆ ಎಂದು ಎತ್ತಿದನೋ, ಹೊಡಿ, ಮುಂದೆ ನಡಿ ಎಂದು ಎತ್ತಿದನೋ ಅವನಿಗೆ ಗೊತ್ತಿಲ್ಲ. ಎಷ್ಟೋ ಸಲ ಕನ್ನಡಿಯ ಮುಂದೆ ನಿಂತು ಆ ಕೈಯನ್ನು ಮತ್ತೆ ಎತ್ತಿ ನೋಡಿದ್ದಾನೆ. ತಡಿ ಎಂದರೂ ಹಾಗೇ ಕಾಣುತ್ತದೆ, ಹೊಡಿ ಎಂದರೂ ಹಾಗೇ ಕಾಣುತ್ತದೆ. ಕೆಲಸಗಾರ ಹೊಡಿ ಎಂದು ತಿಳಿದ. ಅದೂ ಹೋಗಲಿ. ಫೋನು ಮುಗಿಸಿ ತಿರುಗಿದಾಗ ಕಾಂಕ್ರೀಟು ಇನ್ನೂ ಹಸಿಯಾಗಿತ್ತು, ಒಂದು ಸಲಿಕೆಯಲ್ಲಿ ಕೆರೆದು ತೆಗೆಯಬಹುದಿತ್ತು. ಅವನು ನೋಡಿದ. ನೋಡಿ, "ಲೆವಲ್ ಛಂದ ನೋಡ್ಕೋರಿ" ಎಂದ. ಕೈಯ ಮಾತು ಬಿಟ್ಟರೂ ಈ ಬಾಯಿಯ ಮಾತಿಗೆ ಏನು ಹೇಳುವುದು? ಕೈ ತೋರಿಸಿ ಅವಲಕ್ಷಣ ಅನಿಸಿಕೊಳ್ಳುವುದು ಅಂದರೆ ಇದೇ ಇರಬೇಕು ಎಂದು ಅವನಿಗೆ ಅನಿಸಿತು, ನಗು ಮಾತ್ರ ಬರಲಿಲ್ಲ.

ಆಮೇಲೆ ಓಣಿಯಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ, ಅದು ಇನ್ನೂ ಕಷ್ಟ. ಬೈದಿದ್ದರೆ ಬೈಸಿಕೊಂಡು, ಮರೆತೆನಪ್ಪಾ, ತಪ್ಪಾಯಿತು ಎಂದು ಮುಗಿಸಬಹುದಿತ್ತು. ಗಾದಿ ಹೊಲಿಯುವ ಕರೀಮಸಾಬ ತನ್ನ ಕಟ್ಟೆಯ ಮೇಲೆ ಅರಳೆಯ ರಾಶಿಯ ನಡುವೆ ಕೂತು ಎಂದಿನಂತೆ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದ. ಅವನ ಮಗ ಸಮೀವುಲ್ಲಾನ ಮೊಬೈಲ್ ಅಂಗಡಿಗೆ ಹೋದಾಗ ಅವನು ರಸ್ತೆ ಭಾರಿ ಆಗಿದೆ ಅಣ್ಣಾ, ಗಾಡಿ ತೇಲಿಕೊಂಡು ಹೋಗುತ್ತದೆ ಎಂದ. ಆ ಮಾತಿನ ಒಳಗೆ ಏನಾದರೂ ಇದೆಯೇ ಎಂದು ಸುಭಾಷ ರಾತ್ರಿಯವರೆಗೆ ಹುಡುಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ಅದು. ಈಗ ಯಾರು ರಸ್ತೆ ಹೊಗಳಿದರೂ ಅವನ ಕೈ ತಾನೇ ಹೆಗಲಿಗೆ ಹೋಗುತ್ತದೆ.

"ಏ ಹುಸೇನಿ" ಎಂದು ಕೆಳಗಿನಿಂದ ಅವ್ವ ಕೂಗಿದಳು. ಅವನು ಬೆಚ್ಚಿ ಪಕ್ಕದ ಮಾಳಿಗೆಗಳ ಮೇಲೆ ಯಾರಾದರೂ ಇದ್ದಾರೆಯೇ ನೋಡಿದ. ಅವ್ವ ಹನಮಂತವ್ವನಿಗೆ ಇವನಿಗಿಂತ ಮೊದಲು ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ಇವನು ಹೊಟ್ಟೆಯಲ್ಲಿದ್ದಾಗ ಅಲಾಯಿ ಕುಣಿಯ ಮುಂದೆ ಸೆರಗೊಡ್ಡಿ, ಇದೊಂದು ಉಳಿದರೆ ನಿನ್ನ ಹೆಸರಿಡುತ್ತೇನೆ, ನಿನಗೆ ಫಕೀರ ಮಾಡುತ್ತೇನೆ ಎಂದು ಬೇಡಿಕೊಂಡಿದ್ದಳು. ಸಾಲಿಗೆ ಹಾಕುವಾಗ ಮಾಸ್ತರರು ಹುಸೇನಪ್ಪ ಎನ್ನುವುದನ್ನು ಕೇಳಿ, ಚಲೋ ಹೆಸರು ಒಂದು ಇರಲಿ ಎಂದು ಸುಭಾಷ ಎಂದು ಬರೆದುಕೊಂಡರು. ಸುಭಾಷನೇ ಊರಿಗೆ ಬೆಳೆದ, ಹುಸೇನಿ ಅವ್ವನ ಬಾಯಲ್ಲಿ ಉಳಿದ. ಇಲೆಕ್ಷನ್ನಿನಲ್ಲಿ ಎದುರಾಳಿಗಳು ಆ ಹೆಸರು ಎಲ್ಲಿಂದಲೋ ಪತ್ತೆಹಚ್ಚಿ ಓಣಿ ಓಣಿಗೆ ಹೇಳಿಕೊಂಡು ತಿರುಗಿದಾಗ, ನಾಲ್ಕು ಮಂದಿ ಇದ್ದಲ್ಲಿ ಹಾಗೆ ಕರೀಬ್ಯಾಡ ಎಂದು ಅವ್ವನ ಕಾಲು ಹಿಡಿಯುವಷ್ಟು ಮಾಡಿದ್ದ. ನಾನು ಹೆತ್ತದ್ದು ಹುಸೇನಿನ್ನ, ಸುಭಾಷ ಯಾರೋ ನನಗ ಗೊತ್ತಿಲ್ಲ ಎಂದು ಅವಳು ಕಾಳು ಹಸನು ಮಾಡುತ್ತ ಹೇಳಿದ್ದಳು. ಎಷ್ಟೋ ವರ್ಷ ಮೊಹರಮ್ಮಿಗೆ ಅವನ ಕೊರಳಿಗೆ ಕೆಂಪು ಲಾಡಿ ಬಿದ್ದಿತ್ತು, ಕೈಗೆ ಜೋಳಿಗೆ ಬಂದಿತ್ತು. ಐದು ಮನೆ ಭಿಕ್ಷೆ ಬೇಡಬೇಕು, ಮೊದಲ ಮನೆ ಕರೀಮಸಾಬನದು. ಅವನ ಹೆಂಡತಿ ಬಿಸಿ ಚೊಂಗೆ ಹಾಕುತ್ತಿದ್ದಳು, ಬೆಲ್ಲದ ವಾಸನೆಗೆ ಉಳಿದ ನಾಲ್ಕು ಮನೆ ಮುಗಿಯುವವರೆಗೂ ಬಾಯಲ್ಲಿ ನೀರು. ಸಂಜೆ ಅಪ್ಪ ಗುದ್ದಲಿ ಎತ್ತುವಾಗ ಅವನ ಎರಡೂ ಕೈಯನ್ನು ಅದರ ಮರದ ಕಾವಿನ ಮೇಲೆ ಇರಿಸಿ, ಮೇಲೆ ತನ್ನ ಕೈ ಮುಚ್ಚುತ್ತಿದ್ದ. ಗುದ್ದಲಿ ಬಿದ್ದರೆ ನೆಲ ಬುಸ್ ಎನ್ನುತ್ತಿತ್ತು. ಮೇಲಿನ ಮಣ್ಣು ಸರಿಸಿದರೆ ಒಳಗೆ ಹಿಂದಿನ ವರ್ಷದ ಬೂದಿ, ಕರ್ರಗೆ, ಮೆತ್ತಗೆ, ಒಂದು ವರ್ಷ ಒಳಗೇ ಕೂತು ತಣ್ಣಗಾದ ವಾಸನೆ. ಅಪ್ಪ ಅದನ್ನು ಬೆರಳಿಗೆ ತೆಗೆದು ಅವನ ಹಣೆಗೆ ಹಚ್ಚುತ್ತಿದ್ದ. ಈಗಲೂ ಕೆಳಗೆ ಹೋದ ವರ್ಷದ ಬೂದಿ ಹಾಗೇ ಇರಬೇಕು ಎಂಬುದು ಅವನಿಗೆ ಮೆಟ್ಟಿಲು ಇಳಿಯುವಾಗ ಹೊಳೆಯಿತು. ಕಬ್ಬಿಣದ ಜಾಳಿಗೆಯ ಕೆಳಗೆ, ಅಪ್ಪನಿಗೂ ಮುತ್ತ್ಯಾನಿಗೂ ಸಿಕ್ಕ ಅದೇ ಬೂದಿ.

ಕೆಳಗೆ ಅವ್ವ ಗುದ್ದಲಿ ಇಳಿಸಿ ಅಂಗಳದಲ್ಲಿ ಇಟ್ಟುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ವರ್ಷಕ್ಕೊಂದು ಸಲ ಗೂಟದಿಂದ ಇಳಿಯುವ ಗುದ್ದಲಿ, ಜಾಲಿಯ ಕಾವು, ಹಿಡಿದು ಹಿಡಿದು ಕನ್ನಡಿಯಾಗಿತ್ತು. ಹೆಂಡತಿ ರೋಜಾ ನಾಷ್ಟಾ ತಂದಿಟ್ಟು, ಅತ್ತೆಯ ಕಡೆಗೂ ಗಂಡನ ಕಡೆಗೂ ನೋಡಿ ಒಳಗೆ ಹೋದಳು. ಅವ್ವ ಏನಾದರೂ ಕೇಳುತ್ತಾಳೆ ಎಂದು ಅವನು ಕಾದ. ಅವಳ ಲೆಕ್ಕದಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ. ರಸ್ತೆ ಹಾಕಿಸಿದವನು ಮಗ, ಕುಣಿಯಷ್ಟು ಜಾಗ ಒಡೆಸುವವನೂ ಮಗ, ಇದರಲ್ಲಿ ಎರಡನೇ ಮಾತೆಲ್ಲಿಂದ ಬರಬೇಕು?

ಅವನು ಉಪ್ಪಿಟ್ಟು ಮುಗಿಸುವ ಮೊದಲೇ ಕರೀಮಸಾಬ ಬಂದ. ಚಪ್ಪಲಿ ಹೊರಗೆ ಬಿಟ್ಟು, ಟವೆಲಿನಿಂದ ಮೈಮೇಲಿನ ಅರಳೆ ಜಾಡಿಸಿಕೊಂಡು, ಕುರ್ಚಿ ತೋರಿಸಿದರೂ ಹೊಸ್ತಿಲ ಹತ್ತಿರವೇ ಕೂತ. ಮೊದಲು ಮಳೆಯ ಮಾತಾಡಿದ, ಆಮೇಲೆ ಹಮ್ಮಿಗಿಯಲ್ಲಿರುವ ಮಗಳ ಮಾತಾಡಿದ. ಸುಭಾಷ ಹೂಂ ಹೂಂ ಎನ್ನುತ್ತಿದ್ದ, ಉಪ್ಪಿಟ್ಟು ಬಾಯಲ್ಲಿ ಗೋಂದಾಗಿತ್ತು. ಕೊನೆಗೆ ಕರೀಮಸಾಬ ನೆಲ ನೋಡುತ್ತ, ತಾನೇ ಏನೋ ತಪ್ಪು ಮಾಡಿದವನ ದನಿಯಲ್ಲಿ ಹೇಳಿದ.

"ಸುಭಾಷಪ್ಪ, ನಾ ಒಂದು ವಿಚಾರ ಮಾಡೀನಿ. ಹುಡುಗರ ಮಣ್ಣೆತ್ತಿನ ಮಣ್ಣು ಒಂದಿಷ್ಟು ಉಳದೈತಲ್ಲ, ಒಂದು ಬುಟ್ಟ್ಯಾಗ ತುಂಬಿ ಮಸೂತಿ ಮುಂದ ಇಡ್ತೀವಿ. ನೀ ಅದರಾಗ ಗುದ್ದಲಿ ಹಾಕು. ಬೆಂಕಿ ಒಂದು ತಗಡಿನ ಮ್ಯಾಲ ಹಾಕಿದ್ರ ನಡೀತೈತಿ. ರಸ್ತಿ ಒಡ್ಯಾಕ ಹೋಗಬ್ಯಾಡ. ನೀ ಮ್ಯಾಲ ಹೋಗು ಹೊತ್ತಿನ್ಯಾಗ ನಮ್ಮಿಂದ ನಿನಗ ತೊಂದ್ರಿ ಆಗಬಾರ್ದು."

ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಸುಭಾಷನಿಗೆ ಎಷ್ಟು ಹಗುರವಾಯಿತೆಂದರೆ, ಆ ಹಗುರಕ್ಕೇ ಮರುಕ್ಷಣ ನಾಚಿಕೆಯಾಯಿತು. ಈ ಮನುಷ್ಯನಿಗೆ ಎಲ್ಲ ಗೊತ್ತಿದೆ. ಸಾವುಕಾರರ ಫೋನು ಗೊತ್ತಿಲ್ಲದಿರಬಹುದು, ಕೈಯೆತ್ತಿದ್ದು ಗೊತ್ತಿಲ್ಲದಿರಬಹುದು, ಆದರೆ ತನ್ನೊಳಗೆ ಇರುವ ಅಂಜಿಕೆ ಗೊತ್ತಿದೆ, ಗೊತ್ತಿದ್ದು ಕ್ಷಮಿಸುತ್ತಿದ್ದಾನೆ. ಕ್ಷಮೆ ಬೇಡುವ ಮೊದಲೇ ಸಿಕ್ಕರೆ ಅದನ್ನು ಎಲ್ಲಿ ಇಡುವುದು? ನೋಡೋಣ ಬಿಡ್ರಿ ಕಾಕಾ ಎಂದ. ಆ ನೋಡೋಣ ಎನ್ನುವುದು ಗಟಾರ ಕೇಳಲು ಬಂದವರಿಗೆ ಅವನು ಹೇಳುವ ಅದೇ ನೋಡೋಣ. ಕರೀಮಸಾಬ ಎದ್ದ. ಅಲ್ಲಿಯವರೆಗೆ ಗುದ್ದಲಿ ತಿಕ್ಕುತ್ತಿದ್ದ ಅವ್ವ ತಲೆಯೆತ್ತಿದಳು.

"ನಾ ಬೇಡಿಕೊಂಡಿದ್ದು ನೆಲದ ಮುಂದ, ಕರೀಮಸಾಬ. ಬುಟ್ಟಿ ಮುಂದ ಅಲ್ಲ" ಎಂದಳು.

ಕರೀಮಸಾಬ ಟವೆಲು ಹೆಗಲಿಗೆ ಹಾಕಿಕೊಂಡ. ಚಪ್ಪಲಿ ಮೆಟ್ಟಿಕೊಂಡು, ಹೊಸ ರಸ್ತೆಯ ಮೇಲೆ ಒಂದು ಕಾಲು ಎಳೆಯುತ್ತ ಹೋದ. ಆ ಕಾಲೆಳೆತದ ಸದ್ದು ಹಳೆ ರಸ್ತೆಯಲ್ಲಿ ಕೇಳುತ್ತಿರಲಿಲ್ಲ ಎಂದು ಸುಭಾಷನಿಗೆ ಅನಿಸಿತು. ಗುತ್ತಿಗೆದಾರನಿಗೆ ಒಂದು ಫೋನು ಮಾಡಿದರೆ ಸಾಕು, ಒಡೆಯುವ ಯಂತ್ರ ಮಧ್ಯಾಹ್ನದೊಳಗೆ ಬರುತ್ತದೆ. ಹೊಸ ರಸ್ತೆ ಒಡೆಯಲು ಕಾರಣ ಬೇಕು ಎಂದರೆ ನೀರಿನ ಪೈಪು ಸೋರುತ್ತಿದೆ ಎಂದರೆ ಆಯಿತು. ಈ ಊರಲ್ಲಿ ಪೈಪು ಸೋರುವುದನ್ನು ಯಾರೂ ಅನುಮಾನಿಸುವುದಿಲ್ಲ. ಹೆಸರು ತೆಗೆದು ಹೆಬ್ಬೆರಳು ಅದರ ಮೇಲೆ ಇಟ್ಟ. ಇಟ್ಟುಕೊಂಡೇ ಇದ್ದ. ಒಡೆಸಿದರೆ ಸಂಜೆಯೊಳಗೆ ಸಾವುಕಾರರ ಕಿವಿಗೆ ಬೀಳುತ್ತದೆ, ಅಧ್ಯಕ್ಷಗಿರಿ ಹೋಯಿತು. ಒಡೆಸದಿದ್ದರೆ ಅವ್ವ. ಅತ್ತ ದರಿ, ಇತ್ತ ಪುಲಿ. ಮೊಬೈಲಿನ ಬೆಳಕು ತಾನೇ ಆರಿತು, ಕರಿಯ ಗಾಜಿನಲ್ಲಿ ಅವನ ಮುಖ ಕಂಡಿತು, ಹಣೆಯ ಮೇಲೆ ಕುಂಕುಮ ಇತ್ತು.

ಊಟದ ಹೊತ್ತಿಗೆ ಸೋಮೇಶ ಬಂದ. ಪಕ್ಷದ ಹುಡುಗರನ್ನು ಕಟ್ಟುವವನು ಅವನು, ಸುಭಾಷನ ಫೋಟೋಗಳನ್ನೆಲ್ಲ ತೆಗೆಯುವವನೂ ಅವನೇ. ಯಾವ ಓಣಿಯಲ್ಲಿ ಗುದ್ದಲಿ ಪೂಜೆ ಆದರೂ ಗುದ್ದಲಿ ಮೇಲೆ ಹೋದ ಕ್ಷಣ "ಅಣ್ಣಾ" ಎಂದು ಕೂಗುತ್ತಾನೆ. ಸುಭಾಷ ಗುದ್ದಲಿ ಅಲ್ಲೇ ನಿಲ್ಲಿಸಿ ಮುಖ ತಿರುಗಿಸಿ ನಗುತ್ತಾನೆ. ಗುದ್ದಲಿ ನೆಲಕ್ಕೆ ತಾಗಿತೋ ಇಲ್ಲವೋ ಯಾರಿಗೂ ಬೇಕಾಗಿರುವುದಿಲ್ಲ, ಆಮೇಲೆ ಕಾಯಿ ಹಂಚಿ ಎಲ್ಲರೂ ಮನೆಗೆ ಹೋಗುತ್ತಾರೆ. ಸೋಮೇಶ ಕೂರಲಿಲ್ಲ, ಬಾಗಿಲಲ್ಲೇ ನಿಂತು ಹೊರಗೆ ರಸ್ತೆಯ ಕಡೆಗೆ ಕಣ್ಣು ಹೊಡೆದ.

"ಹುಡುಗರು ಭಾಳ ಖುಷಿ ಆಗ್ಯಾರ ಅಣ್ಣಾ. ಜಗಳಿಲ್ಲ, ಗದ್ದಲಿಲ್ಲ, ಸಿಮಿಟಿನ್ಯಾಗ ಮುಗಿಸಿಬಿಟ್ರಿ. ಇಂಥಾದು ನಿಮಗ ಹೆಂಗ ಹೊಳೀತದ?"

ಹಾಗಲ್ಲ, ನನಗೆ ಹೊಳೆದದ್ದಲ್ಲ, ಕೈ ತಪ್ಪಿ ಆದದ್ದು ಎಂದು ಹೇಳಬೇಕಿತ್ತು. ಅವನು ನಕ್ಕ. ಬರೀ ನಗಲಿಲ್ಲ, ಹೊಗಳಿಕೆ ಕೇಳಿ ಕೊರಳು ಸ್ವಲ್ಪ ಉದ್ದವಾದದ್ದು ಅವನಿಗೇ ತಿಳಿಯಿತು. ಒಳಗಿನಿಂದ ಅವ್ವ ಬಳೆ ಸರಿಸಿದ ಸದ್ದು ಬಂತು. ಸೋಮೇಶ ಹೋದ ಮೇಲೆ ಕೈತೊಳೆಯಲು ಬಚ್ಚಲಿಗೆ ಹೋದವನು ಅಲ್ಲೇ ಬಹಳ ಹೊತ್ತು ನಿಂತ. ಮಾಡಿದ ತಪ್ಪಿಗಿಂತ ಮಾಡದೆ ಇದ್ದಿರಬಹುದಾದ ತಪ್ಪಿನ ಹೊಗಳಿಕೆ ತೆಗೆದುಕೊಂಡದ್ದು ಹೆಚ್ಚು ಹೊಲಸಾಗಿತ್ತು. ಆದರೆ ಮಾಡದೆ ಇದ್ದಿರಬಹುದಾದ ಎಂದು ಈಗಲಾದರೂ ಯಾವ ಬಾಯಿಂದ ಹೇಳುತ್ತಾನೆ? ತಲೆಗೆ ನೀರು ಸುರುವಿಕೊಂಡ. ಮಾಳಿಗೆಗೆ ಹೋಗಿ ಒಂದೇ ಉಸಿರಿಗೆ ರವಿವಾರದ ಮಾತು ಮುಗಿಸಿದ. ಬೀದಿದೀಪ, ಮಣ್ಣೆತ್ತು, ಕಣ್ಣು ತಪಾಸಣೆ, ಕೊನೆಗೆ ಮೊಹರಂ ಹಬ್ಬವನ್ನು ಎಲ್ಲರೂ ಕೂಡಿ ಶಾಂತಿಯಿಂದ ಆಚರಿಸೋಣ ಎಂದು. ಎಲ್ಲಿ, ಹೇಗೆ ಎಂಬುದನ್ನು ಶಾಂತಿಯ ಕೆಳಗೆ ಮುಚ್ಚಿದ. ಗ್ರೂಪಿಗೆ ಹಾಕಿದ ಕೂಡಲೇ ಕೈಮುಗಿದ ಚಿತ್ರಗಳು ಬೀಳತೊಡಗಿದವು. ಅವುಗಳಲ್ಲಿ ಸಮೀವುಲ್ಲಾನದೂ ಒಂದಿತ್ತು.

ಸಂಜೆ ಮೋಡ ಕಟ್ಟಿದರೆ ಚಂದ್ರ ಕಾಣುವುದಿಲ್ಲ, ಒಂದು ದಿನ ಸಿಗುತ್ತದೆ ಎಂದು ಅವನು ಮನಸ್ಸಿನಲ್ಲೇ ದೇವರನ್ನು ಬೇಡಿದ, ಯಾವ ದೇವರನ್ನು ಎಂದು ಹೆಸರು ಹೇಳದೆ. ಮಧ್ಯಾಹ್ನವೆಲ್ಲ ಮೋಡವಿತ್ತು. ಹೊತ್ತು ಮುಳುಗುವಾಗ ಪಡುವಣದಲ್ಲಿ ಒಂದು ಕಡೆ ಹರಿದು, ಉಗುರು ಕತ್ತರಿಸಿ ಒಗೆದ ಹಾಗೆ ಚಂದ್ರ ಕಂಡಿತು. ಓಣಿಯಲ್ಲಿ ಮಕ್ಕಳು ಕೂಗಿದವು. ಹಲಗೆಯವರು ಹಲಗೆ ಕಾಯಿಸಲು ಹುಲ್ಲಿಗೆ ಬೆಂಕಿ ಹಚ್ಚಿದರು. ಅವ್ವ ಹೊಸ ಇಲಕಲ್ ಸೀರೆ ಉಟ್ಟು, ಗುದ್ದಲಿಗೆ ಕುಂಕುಮ ಹಚ್ಚಿ, ಕೆಂಪು ಲಾಡಿ ಸುತ್ತಿ, ಕೂಸು ಎತ್ತಿಕೊಂಡ ಹಾಗೆ ಎದೆಗೆ ಆನಿಸಿಕೊಂಡು ಮುಂದೆ ನಡೆದಳು. ಅವನು ಹಿಂದೆ. ಬುಟ್ಟಿಯ ಮಣ್ಣಲ್ಲೇ ಮುಗಿಸಿಬಿಡೋಣ, ಅವ್ವನಿಗೆ ಆಮೇಲೆ ತಿಳಿಸಿ ಹೇಳಿದರಾಯಿತು ಎಂದುಕೊಳ್ಳುತ್ತಲೇ ನಡೆದ.

ಮಸೂತಿಯ ಮುಂದೆ ಜನ ಸೇರಿದ್ದರು. ಪ್ರತಿ ವರ್ಷದಷ್ಟೇ ಜನ, ಪ್ರತಿ ವರ್ಷದ ಹಾಗೇ ದುಂಡಗೆ ನಿಂತಿದ್ದರು. ನೆಲದ ಮೇಲೆ ಗುರುತೇ ಇಲ್ಲ, ಆದರೂ ನಡುವೆ ಅದೇ ಅಳತೆಯ ಜಾಗ ಬಿಟ್ಟು ನಿಂತಿದ್ದರು. ಕರೀಮಸಾಬ ಮಣ್ಣು ತುಂಬಿದ ಬುಟ್ಟಿಯನ್ನು ಕಾಲಿನ ಹತ್ತಿರ ಇಟ್ಟುಕೊಂಡಿದ್ದ, ಕಾಣಬಾರದು ಎಂಬಂತೆ ಟವೆಲು ಮುಚ್ಚಿದ್ದ. ಅವ್ವ ಬುಟ್ಟಿಯ ಕಡೆ ನೋಡಲಿಲ್ಲ. ಆ ದುಂಡಿನ ನಡುವೆ ಹೋಗಿ ನಿಂತು, ಕಾಲಿನಿಂದ ಕಾಂಕ್ರೀಟನ್ನು ಸವರಿ, ಇಲ್ಲಿ ಎಂದು ತೋರಿಸಿ, ಗುದ್ದಲಿಯನ್ನು ಮಗನ ಕೈಗೆ ಕೊಟ್ಟಳು. ಹಲಗೆ ನಿಂತಿತು. ಜಾಲಿಯ ಕಾವು ಕೈಗೆ ತಾಗಿದಾಗ ಕೆಳಗೆ ತನ್ನ ಎರಡು ಸಣ್ಣ ಕೈ, ಮೇಲೆ ಅಪ್ಪನ ಕೈ ಇದ್ದ ಹಾಗೆ ಆಯಿತು. ಅವನು ಬುಟ್ಟಿಯನ್ನು ಮರೆತ. ಎತ್ತಿ ಹೊಡೆದ.

ಠಣ್ ಎಂದಿತು. ಮೊಣಕೈಯವರೆಗೆ ಝಂ ಎಂದಿತು. ಬೆಳ್ಳಗೆ ಒಂದು ಚುಕ್ಕೆ ಬಿತ್ತು, ಅಷ್ಟೇ. ಅವನು ಮಾಡಿಸಿದ ಬೇರೆ ಯಾವ ರಸ್ತೆಯಾಗಿದ್ದರೂ ಈ ಏಟಿಗೆ ಬಾಯಿಬಿಡುತ್ತಿತ್ತು. ಮತ್ತೆ ಹೊಡೆದ. ಕಿಡಿ ಹಾರಿತು. ಜನ ಮಿಸುಕಲಿಲ್ಲ. "ಸಾಕು ಸುಭಾಷಪ್ಪ, ಗುದ್ದಲಿ ಬಿತ್ತು, ಅಷ್ಟಾತು" ಎಂದು ಕರೀಮಸಾಬ ಮೆಲ್ಲಗೆ ಹೇಳಿದ್ದು ಕೇಳಿಸಿತು. ಸಾಕೆನಿಸಲಿಲ್ಲ. ಬಿಳಿ ಅಂಗಿಯ ತೋಳು ಮೇಲೆ ಸರಿಸಿ ಮತ್ತೆ ಹೊಡೆದ, ಮತ್ತೆ ಹೊಡೆದ. ಒಂದು ಚಕ್ಕೆ ಎದ್ದು ಅವನ ಕೆನ್ನೆಗೆ ಬಡಿಯಿತು. ಎಷ್ಟೋ ದಿನದ ಮೇಲೆ ಅವನಿಗೆ ಖರೆ ಸಂತೋಷವಾಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಸಾವುಕಾರರು ಇಲ್ಲ, ಅಧ್ಯಕ್ಷಗಿರಿ ಇಲ್ಲ, ಕೆಳಗೆ ಬೂದಿ ಇದೆ, ಅದನ್ನು ಮುಟ್ಟುವವರೆಗೆ ಹೊಡೆಯುತ್ತೇನೆ, ರಾತ್ರಿಯಾದರೂ ಹೊಡೆಯುತ್ತೇನೆ, ನಾನೇ ಮುಚ್ಚಿದ್ದು, ನಾನೇ ತೆಗೆಯುತ್ತೇನೆ. ಅವ್ವನ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು, ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಹುಸೇನಿ ಎಂದೇ ಇರಬೇಕು. ಅವನು ಗುದ್ದಲಿಯನ್ನು ತಲೆಯ ಮೇಲಕ್ಕೆ ಎತ್ತಿದ.

"ಅಣ್ಣಾ" ಎಂದ ಯಾರೋ.

ಸಮೀವುಲ್ಲಾ. ಪ್ರತಿ ವರ್ಷದ ಹಬ್ಬವನ್ನು ಹಿಡಿದಿಡುವ ಹಾಗೆ, ಏನೂ ಕೆಟ್ಟದ್ದು ಮನಸ್ಸಿನಲ್ಲಿ ಇಲ್ಲದೆ, ಮೊಬೈಲು ಎತ್ತಿ ಹಿಡಿದಿದ್ದ. ಸುಭಾಷನ ಗುದ್ದಲಿ ಅಲ್ಲೇ ನಿಂತಿತು. ಮುಖ ಆ ಕಡೆ ತಿರುಗಿತು, ಗದ್ದ ಸ್ವಲ್ಪ ಮೇಲೆ ಹೋಯಿತು, ತುಟಿ ಅಗಲವಾಯಿತು, ಹಲ್ಲು ಕಂಡವು. ಅವನು ನಕ್ಕದ್ದಲ್ಲ. ಅವನು ಇನ್ನೂ ಬೂದಿಯ ಬಗ್ಗೆ ಯೋಚಿಸುತ್ತಿದ್ದ. ಅವನನ್ನು ಕೇಳದೆ ಮೈ ತನಗೆ ಗೊತ್ತಿದ್ದದ್ದನ್ನು ಮಾಡಿತ್ತು, ಅವತ್ತು ಕೈ ಮಾಡಿದ ಹಾಗೆ. ಮೊಬೈಲು ಮಿಂಚಿತು. ಸುತ್ತ ನಿಂತವರ ಮುಖ ಒಂದು ಕ್ಷಣ ಬೆಳ್ಳಗೆ ಕಂಡು ಮತ್ತೆ ಕತ್ತಲಾದವು. ಯಾರೋ ಕೆಮ್ಮಿದರು. ಅವನು ಗುದ್ದಲಿ ಕೆಳಗಿಳಿಸಲಾರದೆ, ಮೇಲೆ ಹಿಡಿಯಲಾರದೆ ನಿಂತ. ಮುಖದ ಮೇಲಿನ ನಗು ತೆಗೆಯುವುದು ಹೇಗೆ ಎಂಬುದು ಹೊಳೆಯಲಿಲ್ಲ.

ಹನಮಂತವ್ವ ನಿಂತಲ್ಲಿಂದ ಬಂದಳು. ಮಗನ ಮುಖವನ್ನು, ಯಾರೋ ಹೊರಗಿನವರು ಮನೆಗೆ ಬಂದಾಗ ನೋಡುವ ಹಾಗೆ, ಸಾವಕಾಶ ನೋಡಿದಳು. ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು. ಎರಡೂ ಕೈಯಿಂದ ಗುದ್ದಲಿಯ ಕಾವು ಹಿಡಿದು ಕೆಳಗಿಳಿಸಿದಳು.

"ಬಿಡ್ರಿ ಮೆಂಬರ್ರ" ಎಂದಳು. "ನಿಮ್ಮ ಕೈ ನೊಂದಾವು. ಸರದು ನಿಂದರ್ರಿ."

ಅವನು ಸರಿದು ನಿಂತ.